ಮಾಡೆಲ್ ಬೇಡ ಅಂದ ಡೇಟಾವನ್ನು ಮೊದಲು ನೋಡಿ

ಬೆಂಗಳೂರಿನಲ್ಲಿ ಕೂತು ಹವಾಮಾನ ಮಾಡೆಲ್, ಅಂದರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಓಡಿಸುವ ಕೆಲಸ ನನ್ನದು. ಹೊಸದಾಗಿ ಸೇರಿದವರು ಚಂಡಮಾರುತದ ಸಮಯದಲ್ಲಿ ಜಾಸ್ತಿ ಡೇಟಾ ಕೊಟ್ಟರೆ ಸಾಕು, ಮುನ್ಸೂಚನೆ ತಾನೇ ಸುಧಾರಿಸುತ್ತೆ ಅಂದುಕೊಂಡಿರುತ್ತಾರೆ. ಅವರಿಗೆ ನಾನು ಮೊದಲು ತೋರಿಸುವುದು ಮಾಡೆಲ್ ಹೊರಗಿಟ್ಟ ಡೇಟಾದ ಪಟ್ಟಿ.

ಡೇಟಾವನ್ನು ಮಾಡೆಲ್‌ಗೆ ಸೇರಿಸುವ ಕೆಲಸಕ್ಕೆ ಡೇಟಾ ಅಸಿಮಿಲೇಶನ್ ಅನ್ನುತ್ತೇವೆ. ಅದು ಇಷ್ಟೇ. ಹಿಂದಿನ ಸಲ ಓಡಿಸಿದ ಮಾಡೆಲ್ ಕೊಟ್ಟ ಅಂದಾಜು ಒಂದು ಕಡೆ, ಈಗ ಬಂದ ಅಳತೆಗಳು ಇನ್ನೊಂದು ಕಡೆ. ಎರಡರಲ್ಲೂ ತಪ್ಪಿರುತ್ತೆ. ಯಾವುದನ್ನು ಎಷ್ಟು ನಂಬಬೇಕು ಅಂತ ತೂಗಿ, ಎರಡನ್ನೂ ಸೇರಿಸಿ ಹೊಸ ಮುನ್ಸೂಚನೆ ಶುರು ಮಾಡುತ್ತೇವೆ.

ನೆಲದ ಮೇಲಾದರೆ ಪರವಾಗಿಲ್ಲ. ಚೆನ್ನೈ, ವಿಶಾಖಪಟ್ಟಣದಲ್ಲಿ ಬಲೂನು ಹಾರಿಸುತ್ತಾರೆ, ಡಾಪ್ಲರ್ ರೇಡಾರ್‌ಗಳೂ ಇವೆ. ನಡು ಬಂಗಾಳಕೊಲ್ಲಿಯಲ್ಲಿ ಏನಿದೆ? ಹಡಗುಗಳು ಆಗಲೇ ದೂರ ಹೋಗಿರುತ್ತವೆ. ಇನ್ಸಾಟ್ ಚಿತ್ರಗಳಲ್ಲಿ ಮೋಡ ಸರಿಯುವುದನ್ನು ನೋಡಿ ಲೆಕ್ಕ ಹಾಕಿದ ಗಾಳಿ, ಸ್ಕ್ಯಾಟರೋಮೀಟರ್ (ರೇಡಾರ್ ಅಲೆಗಳಿಂದ ಗಾಳಿ ಅಳೆಯುವ ಉಪಕರಣ) ಇರುವ ಉಪಗ್ರಹ ಹಾದುಹೋದಾಗ ಸಿಗುವ ಸಮುದ್ರದ ಮೇಲ್ಮೈ ಗಾಳಿ, ಅಲ್ಲೊಂದು ಇಲ್ಲೊಂದು ಬಾಯ್ (ಅಳತೆ ಉಪಕರಣ ಹೊತ್ತು ಸಮುದ್ರದಲ್ಲಿ ತೇಲುವ ಬುರುಡೆ). ಅಷ್ಟೇ.

ಚಂಡಮಾರುತದ ಕೇಂದ್ರ ಹತ್ತಿರವಾದಷ್ಟೂ ಗಾಳಿಯ ಒತ್ತಡ ಕಡಿಮೆ. ಈಗ ಒಂದು ಬಾಯ್ 985 ಹೆಕ್ಟೊಪಾಸ್ಕಲ್ ಒತ್ತಡ ತೋರಿಸಿತು ಅಂದುಕೊಳ್ಳಿ. ಅದೇ ಜಾಗದಲ್ಲಿ ಮಾಡೆಲ್ ಅಂದಾಜು 1000. ನಾವು ಬಳಸುವಂಥ ಸಾಫ್ಟ್‌ವೇರ್‌ನಲ್ಲಿ, ಅಳತೆಯ ಸಹಜ ತಪ್ಪಿನ 5 ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಆ ಅಳತೆಯನ್ನೇ ಕೈಬಿಡುವ ನಿಯಮ ಇರುತ್ತೆ. ಸಹಜ ತಪ್ಪು 1 ಅಂತಿಟ್ಟರೆ, 15ರ ವ್ಯತ್ಯಾಸ ಸೀದಾ ಹೊರಗೆ. ಆದರೆ ಬಾಯ್ ಸರಿಯಾಗೇ ಇತ್ತು. ಚಂಡಮಾರುತದ ಕೇಂದ್ರವನ್ನು ಮಾಡೆಲ್ಲೇ 100 ಕಿ.ಮೀ. ಆಚೆ ಇಟ್ಟುಕೊಂಡಿತ್ತು! ಎಲ್ಲಕ್ಕಿಂತ ಬೇಕಾಗಿದ್ದ ಅಳತೆಯೇ ಹೋಯಿತು, ಅಲ್ವಾ? ಕರಾವಳಿಯಲ್ಲಿ 100 ಕಿ.ಮೀ. ಅಂದರೆ ಯಾವ ಜಿಲ್ಲೆಯ ಜನರನ್ನು ಮನೆ ಬಿಡಿಸಬೇಕು ಅನ್ನುವ ಪ್ರಶ್ನೆ.

ಹಾಗಂತ ಹೊರಗಿಟ್ಟಿದ್ದನ್ನೆಲ್ಲ ಸುಮ್ನೆ ವಾಪಸ್ ಸೇರಿಸುವಂತಿಲ್ಲ. ಜೋರು ಮಳೆಯಲ್ಲಿ ಸ್ಕ್ಯಾಟರೋಮೀಟರ್ ಗಾಳಿ ನಿಜವಾಗಿಯೂ ಕೆಡುತ್ತೆ. ಬಾಯ್‌ನ ಹಿಂದಿನ ಗಂಟೆಗಳ ಒತ್ತಡ ನೋಡಿ. ಒಂದೇ ಸಮ ಇಳಿಯುತ್ತಾ ಬಂದಿದ್ದರೆ ಅದನ್ನು ನಂಬಬಹುದು, ಒಮ್ಮೆಲೇ ಜಿಗಿದಿದ್ದರೆ ಅನುಮಾನ ಪಡಿ. ಅಳತೆ ನಿಜ ಅನ್ನಿಸಿದರೆ, ಮೊದಲು ಮಾಡೆಲ್‌ನೊಳಗಿನ ಚಂಡಮಾರುತದ ಸುಳಿಯನ್ನು ಸರಿಯಾದ ಜಾಗಕ್ಕೆ ಸರಿಸಿ, ಆಮೇಲೆ ಅಸಿಮಿಲೇಶನ್ ಮಾಡಿ. ವ್ಯತ್ಯಾಸ ತಾನಾಗೇ ಇಳಿಯುತ್ತೆ, ಅಳತೆ ಒಳಗೆ ಬರುತ್ತೆ. ಮಿತಿಯನ್ನು 5ರಿಂದ 20ಕ್ಕೆ ಏರಿಸುವುದು ಸುಲಭ, ಆದರೆ ಆಗ ಕೆಟ್ಟ ಡೇಟಾವೂ ಜೊತೆಗೆ ನುಗ್ಗುತ್ತೆ. ಆ ದಾರಿ ನನಗೆ ಇಷ್ಟವಿಲ್ಲ.