ಖಡಕ್ ರೊಟ್ಟಿಯಿಂದ ನೀರು

ಖಡಕ್ ಜೋಳದ ರೊಟ್ಟಿ ಮುರಿದರೆ ಪಟ್ ಎನ್ನುತ್ತದೆ, ಹಸಿಯ ಸುಳಿವೇ ಇರುವುದಿಲ್ಲ. ಆದರೂ 100 ಗ್ರಾಂ ಜೋಳದ ಹಿಟ್ಟು ನಮ್ಮ ಜೀವಕೋಶಗಳೊಳಗೆ ಸುಮಾರು 40 ಮಿಲಿಲೀಟರ್ ನೀರು ಹುಟ್ಟಿಸುತ್ತದೆ. ರೊಟ್ಟಿಯಲ್ಲಿ ಅಡಗಿದ್ದ ನೀರಲ್ಲ ಅದು. ಹಿಟ್ಟಿನ ಹೈಡ್ರೋಜನ್ ಮತ್ತು ಉಸಿರಿನ ಆಮ್ಲಜನಕ ಕೂಡಿ ಆದ ಹೊಸ ನೀರು.

ಇದು ನಡೆಯುವುದು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ. ಹಿಟ್ಟಿನ ಪಿಷ್ಟ ಜೀರ್ಣವಾಗಿ ಸಿಗುವ ಗ್ಲೂಕೋಸ್ ಒಡೆಯುತ್ತ ಹೋದಂತೆ ಅದರ ಎಲೆಕ್ಟ್ರಾನುಗಳನ್ನು ಎನ್‌ಎಡಿಎಚ್ ಎಂಬ ವಾಹಕ ಅಣು ಹೊತ್ತು ತರುತ್ತದೆ. ಪೊರೆಯ ಪ್ರೋಟೀನುಗಳು ಅವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಈ ದಾರಿಯಲ್ಲಿ ಮೂರು ಕಡೆ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು, ಪೊರೆಯಾಚೆ ತಳ್ಳುತ್ತದೆ. ಅವು ಎಟಿಪಿ (ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ತಯಾರಿಸುವ ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ವಾಪಸ್ ನುಗ್ಗುವಾಗ ಅದರ ನಡುಗಂಬ ಬೀಸುಕಲ್ಲಿನಂತೆ ಗಿರ್ರನೆ ತಿರುಗುತ್ತದೆ. ಒಂದು ಸುತ್ತಿಗೆ 3 ಎಟಿಪಿ; ಒಂದು ಗ್ಲೂಕೋಸ್‌ನಿಂದ ಒಟ್ಟು 30–32. ಪ್ರೋಟಾನುಗಳ ಹರಿವಿನಿಂದಲೇ ಎಟಿಪಿ ಆಗುತ್ತದೆ ಎಂಬ ವಿಚಾರವನ್ನು ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟರು, ನೊಬೆಲ್ ಸಿಕ್ಕಿದ್ದು 1978ರಲ್ಲಿ.

ದಣಿದ ಎಲೆಕ್ಟ್ರಾನುಗಳ ಕೊನೆಯ ನಿಲ್ದಾಣ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ. ಅಲ್ಲಿ 4 ಎಲೆಕ್ಟ್ರಾನ್, 4 ಪ್ರೋಟಾನ್, ಒಂದು ಆಮ್ಲಜನಕ ಅಣು ಸೇರಿ 2 ನೀರಿನ ಅಣು. ಒಂದು ಗ್ಲೂಕೋಸ್‌ಗೆ ಹೀಗೆ 12 ನೀರಿನ ಅಣು ಆಗುತ್ತವೆ. ಹಿಂದಿನ ಹಂತಗಳೇ 6 ಬಳಸಿಕೊಂಡಿರುವುದರಿಂದ ಉಳಿತಾಯ 6. ತೂಕದಲ್ಲಿ 180 ಗ್ರಾಂ ಗ್ಲೂಕೋಸ್‌ಗೆ 108 ಗ್ರಾಂ ನೀರು. ಕೊಬ್ಬು ಇನ್ನೂ ಮುಂದು, ಒಂದು ಗ್ರಾಮಿಗೆ ಒಂದು ಗ್ರಾಂಗಿಂತ ತುಸು ಹೆಚ್ಚೇ. ಆದರೆ ದಿನಕ್ಕೆಲ್ಲ ಸಿಗುವುದು 250–350 ಮಿಲಿಲೀಟರ್ ಅಷ್ಟೆ. ಕಲಬುರಗಿಯ ಮೇ ಬಿಸಿಲಲ್ಲಿ ದುಡಿಯುವವರ ಬೆವರೇ ತಾಸಿಗೆ ಒಂದು ಲೀಟರ್ ದಾಟಬಹುದು. ಇದನ್ನು ನಂಬಿ ಕುಡಿಯುವ ನೀರು ಕಡಿಮೆ ಮಾಡಲೇಬೇಡಿ.

ಈ ಕೊನೆಯ ನಿಲ್ದಾಣ ಬಂದಾದರೆ ಏನಾಗುತ್ತದೆ ಎಂಬುದು ನಮ್ಮ ಹೊಲದಲ್ಲೇ ಕಾಣುತ್ತದೆ. ಜೋಳ ಕೊಯ್ದ ಮೇಲೆ ಕೂಳೆಯಿಂದ ಒಡೆಯುವ ಎಳೆ ಚಿಗುರಿನಲ್ಲಿ ಧುರ್ರಿನ್ ಎಂಬ, ಸಯನೈಡ್ ಅಡಗಿಸಿಕೊಂಡ ರಾಸಾಯನಿಕ ಹೇರಳ; ಮಳೆ ಕೈಕೊಟ್ಟು ಬಾಡಿದ ಎಳೆ ಪೈರೂ ಅಷ್ಟೇ ಅಪಾಯ. ದನ ಜಗಿದಾಗ ಅದು ಸಯನೈಡ್ ಬಿಡುತ್ತದೆ. ಸಯನೈಡ್ ಸೈಟೋಕ್ರೋಮ್ ಆಕ್ಸಿಡೇಸ್‌ನ ಕಬ್ಬಿಣಕ್ಕೆ ಕಚ್ಚಿಕೊಂಡರೆ ಆಮ್ಲಜನಕ ನೀರಾಗುವುದು ನಿಲ್ಲುತ್ತದೆ, ಹಿಂದಿನ ಸಾಲೆಲ್ಲ ಅಲ್ಲಲ್ಲೇ ಸ್ತಬ್ಧ. ದನ ಏದುಸಿರು ಬಿಡುತ್ತ ಕುಸಿಯುತ್ತದೆ. ಅಭಿಧಮನಿಯ ರಕ್ತ ಮಾತ್ರ ಹೊಳೆಯುವ ಕೆಂಪು, ಏಕೆಂದರೆ ಆಮ್ಲಜನಕ ಖರ್ಚೇ ಆಗಿಲ್ಲ.

ಪಶುವೈದ್ಯರು ರಕ್ತನಾಳಕ್ಕೆ ಕೊಡುವ ಸೋಡಿಯಂ ನೈಟ್ರೈಟ್, ಕೆಲವು ಹಿಮೋಗ್ಲೋಬಿನ್ ಅಣುಗಳನ್ನು ಮಾರ್ಪಡಿಸಿ ಸಯನೈಡನ್ನು ಅತ್ತ ಸೆಳೆಯುತ್ತದೆ. ಸೋಡಿಯಂ ಥಯೋಸಲ್ಫೇಟ್ ಅದಕ್ಕೆ ಗಂಧಕ ಕೂಡಿಸಿ ಮೂತ್ರದಲ್ಲಿ ಹೊರಹಾಕಿಸುತ್ತದೆ. ನಿಮಿಷಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು, ಹಾಗಾಗಿ ಕೂಳೆ ಹೊಲಕ್ಕೆ ದನ ಬಿಡದಿರುವುದೇ ಸರಿ. ಬಲಿತ ಮೇಲೆ ಕೊಯ್ದು ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ಈ ವಿಷ ಬಹಳ ಕಡಿಮೆ.