ಮೇಷ್ಟ್ರ ಅಂಬಾಸಿಡರ್ ಮೂರು ಸಲ ವಾಪಸ್ ಬಂದಾಗ

ನಾನು ಮೈಸೂರಿನಲ್ಲಿ ಆಟೋ ಎಲೆಕ್ಟ್ರಿಷಿಯನ್. ಹದಿನೆಂಟು ವರ್ಷದಿಂದ ಇದೇ ಕೆಲಸ. ಹೊಸ ಕಾರುಗಳೂ ಬರುತ್ತವೆ, ಆದರೆ ನನ್ನ ಮನಸ್ಸು ಹಳೇ ಗಾಡಿಗಳ ಮೇಲೇ. ಅಂಬಾಸಿಡರ್, ಪದ್ಮಿನಿ, ಅಪರೂಪಕ್ಕೊಂದು ಮಾರಿಸ್ ಮೈನರ್. ಹೋದ ಮಳೆಗಾಲದಲ್ಲಿ ಒಂದು ಅಂಬಾಸಿಡರ್ ನನ್ನ ಹತ್ತಿರ ಮೂರು ಸಲ ಬಂತು. ಮೂರು ಸಲವೂ ಅದೇ ಎಡಗಡೆ ಹಿಂದಿನ ಲೈಟಿಗೆ. ಮೊದಲ ಎರಡು ಸಲ ನಾನು ಮಾಡಿದ್ದು ರಿಪೇರಿಯೇ ಅಲ್ಲ ಅಂತ ಈಗ ಗೊತ್ತಾಗಿದೆ.

1984ರ ಗಾಡಿ. ರಿಟೈರ್ ಆದ ಮೇಷ್ಟ್ರೊಬ್ಬರದ್ದು. ಟಿಂಕರಿಂಗ್ ಮಾಡಿಸಿ, ಹೊಸ ಪೇಂಟ್ ಹೊಡೆಸಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ನೋಡೋಕೆ ಕಣ್ಣಿಗೆ ಹಬ್ಬ.

"ನೋಡಪ್ಪಾ, ರಾತ್ರಿ ಬ್ರೇಕ್ ಒತ್ತಿದ್ರೆ ಬಲಗಡೆ ಚೆನ್ನಾಗಿ ಹೊಳೆಯುತ್ತಂತೆ. ಎಡಗಡೆ ಒತ್ತಿದ್ದೇ ಗೊತ್ತಾಗಲ್ವಂತೆ. ಹಿಂದೆ ಬರ್ತಿದ್ದ ಮಗ ಹೇಳಿದ" ಅಂದರು.

ಆ ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. 5 ವಾಟಿನದ್ದು ಟೇಲ್ ಲೈಟಿಗೆ, 21 ವಾಟಿನದ್ದು ಬ್ರೇಕಿಗೆ. ಬಲ್ಬ್ ಬದಲಿಸಿದೆ, ಹೋಲ್ಡರ್ ಬಿಚ್ಚಿ ಉಜ್ಜಿ ಕೂರಿಸಿದೆ. ಚೆನ್ನಾಗಿ ಉರಿಯಿತು. ಒಂದು ವಾರ ಮಳೆ ಬಿತ್ತು, ಮೇಷ್ಟ್ರು ವಾಪಸ್ ಬಂದರು.

ಎರಡನೇ ಸಲ ಹುಷಾರಾಗಿ ನೋಡಬೇಕು ಅಂತಲೇ ಕೂತೆ. ಮೀಟರನ್ನು ಬೀಪ್ ಬರೋ ಜಾಗಕ್ಕೆ ತಿರುಗಿಸಿ, ಒಂದು ಕಡ್ಡಿ ಹೋಲ್ಡರಿಗೆ, ಇನ್ನೊಂದು ಗಾಡಿಯ ಲೋಹದ ಬಾಡಿಗೆ ಇಟ್ಟೆ. ಬೀಪ್ ಅಂತು. ಅರ್ತಿಂಗ್, ಅಂದರೆ ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸರಿ ಇದೆ, ಹಾಗಾದರೆ ಬ್ರೇಕ್ ವೈರಿನಲ್ಲೇ ಎಲ್ಲೋ ಇದೆ ಅಂದುಕೊಂಡೆ. ಹಿಂದಿನ ಸೀಟು ತೆಗೆದು, ಕಾರ್ಪೆಟ್ ಎತ್ತಿ, ಮುಂದಿನಿಂದ ಡಿಕ್ಕಿವರೆಗೆ ಹೊಸ ವೈರ್ ಎಳೆದೆ. ಪೂರ್ತಿ ಒಂದು ದಿನ ಹೋಯಿತು. ಲೈಟ್ ಮತ್ತೆ ಚೆನ್ನಾಗಿ ಉರಿಯಿತು. ಹತ್ತು ದಿನಕ್ಕೆ ಗಾಡಿ ಮತ್ತೆ ನನ್ನ ಬಾಗಿಲಲ್ಲಿ.

ಮೂರನೇ ಸಲ ಅವರು ಬಂದಾಗ ಸಂಜೆ ಏಳು ದಾಟಿತ್ತು. ಕರೆಂಟ್ ಹೋಗಿ ಅಂಗಡಿಯಲ್ಲಿ ಕತ್ತಲು. ಹುಡುಗನಿಗೆ ಬ್ರೇಕ್ ಒತ್ತಲು ಹೇಳಿ ಹಿಂದೆ ನಿಂತೆ. ಆಗ ಕಂಡಿತು. ಇಂಡಿಕೇಟರ್ ಹಾಕಿಯೇ ಇಲ್ಲ, ಆದರೂ ಬ್ರೇಕ್ ಒತ್ತಿದಾಗ ಎಡಗಡೆ ಇಂಡಿಕೇಟರ್ ಬಲ್ಬಿನ ತಂತಿ ಕೆಂಡದ ಹಾಗೆ ಸ್ವಲ್ಪ ಕೆಂಪಾಗುತ್ತಿತ್ತು. ಹಗಲಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ.

ಬ್ರೇಕಿನ ಕರೆಂಟ್ ಇಂಡಿಕೇಟರಿಗೆ ಯಾಕೆ ಹೋಯಿತು? ಟೇಲ್, ಬ್ರೇಕ್, ಇಂಡಿಕೇಟರ್ ಮೂರೂ ತಂತಿಗಳಿಗೆ ವಾಪಸ್ ಹೋಗುವ ದಾರಿ ಒಂದೇ, ಲೈಟಿನ ಬಾಡಿ. ಆ ದಾರಿ ಸರಿ ಇಲ್ಲದಿದ್ದರೆ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಹಿಂದಿನ ಇಂಡಿಕೇಟರ್ ಬಲ್ಬಿನೊಳಗೆ ತಿರುಗಾ ನುಗ್ಗಿ, ಅದರ ವೈರಿನಲ್ಲಿ ಮುಂದಿನ ಇಂಡಿಕೇಟರಿಗೆ ಹೋಗಿ, ಅಲ್ಲಿಂದ ಬಾಡಿಗೆ ಇಳಿಯುತ್ತದೆ.

ಬ್ರೇಕ್ ಒತ್ತಿಸಿಟ್ಟುಕೊಂಡೇ ಮೀಟರನ್ನು ವೋಲ್ಟಿಗೆ ತಿರುಗಿಸಿದೆ. ಒಂದು ಕಡ್ಡಿ ಹೋಲ್ಡರಿನ ಬಾಡಿಗೆ. ಇನ್ನೊಂದನ್ನು ಉದ್ದದ ವೈರ್ ಹಾಕಿ ನೇರ ಬ್ಯಾಟರಿಯ ಮೈನಸ್‌ಗೆ. ಇಲ್ಲಿ 0.1 ವೋಲ್ಟ್ ಬಂದರೆ ಸರಿ, 0.2 ದಾಟಿದರೆ ಅನುಮಾನ ಪಡಬೇಕು. ಬಂದದ್ದು 6 ವೋಲ್ಟ್. ಬ್ಯಾಟರಿ ಕೊಡುವುದರಲ್ಲಿ ಅರ್ಧ ಆ ಕೆಟ್ಟ ಜಾಯಿಂಟಿನಲ್ಲೇ ಸಾಯುತ್ತಿತ್ತು.

ಮತ್ತೆ ಬೀಪ್ ಯಾಕೆ ಬಂತು? ನನ್ನ ಮೀಟರ್ ದಾರಿಯಲ್ಲಿ ಮೂವತ್ತು ಓಮ್ ಅಡ್ಡಿ (ರೆಸಿಸ್ಟೆನ್ಸ್) ಇದ್ದರೂ ಬೀಪ್ ಅನ್ನುತ್ತದೆ. ಅಷ್ಟು ದಿನ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. 21 ವಾಟಿನ ಬಲ್ಬ್ ಉರಿಯುವಾಗ ಅದರದ್ದೇ ಸುಮಾರು 7 ಓಮ್. ಅದರ ದಾರಿಯಲ್ಲಿ ನಾಲ್ಕೈದು ಓಮ್ ಅಡ್ಡ ನಿಂತರೆ ಬೆಳಕು ಎಲ್ಲಿಂದ ಬರಬೇಕು? ಆದರೆ ಮೀಟರಿಗೆ ನಾಲ್ಕೂ ಒಂದೇ, ಸೊನ್ನೆಯೂ ಒಂದೇ. ಬೀಪ್. 5 ವಾಟಿನ ಟೇಲ್ ಲೈಟಿಗೆ ಬೇಕಾದ ಕರೆಂಟ್ ಅರ್ಧ ಆಂಪ್ಸಿಗಿಂತ ಕಡಿಮೆ. ಅದಕ್ಕೇ ಅದು ಪರವಾಗಿಲ್ಲ ಅನ್ನುವ ಹಾಗೆ ಉರಿದು ನನಗೆ ಮೋಸ ಮಾಡಿತ್ತು.

ಲೈಟ್ ಪೂರ್ತಿ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಪೇಂಟ್ ಮಾಡಿದವರು ಲೈಟ್ ಕೂರುವ ಜಾಗಕ್ಕೂ, ಸ್ಕ್ರೂ ತೂತಿನ ಒಳಕ್ಕೂ ದಪ್ಪಗೆ ಪ್ರೈಮರ್, ಪೇಂಟ್ ಎರಡೂ ಹೊಡೆದಿದ್ದರು. ಬಾಡಿಗೆ ಲೋಹ ತಾಗುತ್ತಿದ್ದದ್ದು ಒಂದು ಸ್ಕ್ರೂವಿನ ಥ್ರೆಡ್‌ನಲ್ಲಿ ಮಾತ್ರ. ನಾನು ಪ್ರತಿ ಸಲ ಸ್ಕ್ರೂ ಬಿಚ್ಚಿ ಬಿಗಿ ಮಾಡಿದಾಗ ಪೇಂಟ್ ಸ್ವಲ್ಪ ಕೆರೆದು ಹೋಗಿ ಲೈಟ್ ಉರಿಯುತ್ತಿತ್ತು. ಮಳೆ ನೀರು ಇಳಿದು ತುಕ್ಕು ಹಿಡಿದಾಗ ಮತ್ತೆ ಕೈ ಕೊಡುತ್ತಿತ್ತು. ಗುಣ ಆಗಿದ್ದು ಸ್ಕ್ರೂ ತಿರುಗಿಸಿದ್ದಕ್ಕೆ. ನಾನು ಬಲ್ಬಿನಿಂದ, ವೈರಿನಿಂದ ಅಂದುಕೊಂಡೆ. ಈ ವಿಷಯ ನನ್ನನ್ನು ಬಹಳ ದಿನ ಕಾಡಿತು.

ಹೊಸ ಪೇಂಟ್ ಹಾಳು ಮಾಡಲು ಮನಸ್ಸಾಗಲಿಲ್ಲ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿದೆ. ಹೋಲ್ಡರಿನಿಂದ ಒಂದು ಕಪ್ಪು ವೈರ್ ತೆಗೆದು, ರಿಂಗ್ ಟರ್ಮಿನಲ್ ಹಾಕಿ, ಡಿಕ್ಕಿಯ ಒಳಗೆ ಕಾಣದ ಒಂದು ಬೋಲ್ಟಿಗೆ ಕಟ್ಟಿದೆ. ಆ ಬೋಲ್ಟಿನ ಕೆಳಗೆ ಮಾತ್ರ ಬಿಳಿ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಒಣಗಿ ಸೀಳಿದ್ದ ರಬ್ಬರ್ ಗ್ಯಾಸ್ಕೆಟ್ ಬದಲಿಸಿದೆ. ಬ್ಯಾಟರಿ ಹಾಕಿ ಮತ್ತೆ ಅಳೆದರೆ 0.06. ಎಲ್ಲಾ ಸೇರಿ ನಲವತ್ತು ನಿಮಿಷ.

ಇಂಥ ಗಾಡಿಗಳಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದೆರಡು ಮಾತು. ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್‌ನಿಂದ. ಬ್ರಿಟಿಷ್ ಗಾಡಿಗಳ ಲೂಕಾಸ್ ಕಂಪನಿಯ ವೈರ್ ಬಣ್ಣದ ಪದ್ಧತಿಯಲ್ಲಿ ಟೇಲ್ ಲೈಟ್ ಕೆಂಪು ವೈರ್, ಬ್ರೇಕ್ ಹಸಿರು ಮೇಲೆ ನೇರಳೆ ಗೆರೆ, ಎಡ ಇಂಡಿಕೇಟರ್ ಹಸಿರು ಕೆಂಪು, ಬಲ ಹಸಿರು ಬಿಳಿ, ಅರ್ತ್ ಕಪ್ಪು. ತಿಳಿದಿರಲಿ, ಆದರೆ ನಂಬಬೇಡಿ. ನಲವತ್ತು ವರ್ಷದಲ್ಲಿ ಎಷ್ಟು ಕೈ ಬಿದ್ದಿದೆಯೋ. ಮೇಷ್ಟ್ರ ಗಾಡಿಯ ಡಿಕ್ಕಿಯಲ್ಲಿ ಇದ್ದದ್ದೆಲ್ಲ ಹಳದಿ ವೈರ್, ತಿರುಚಿ ಟೇಪ್ ಸುತ್ತಿದ್ದು. ಫ್ಯೂಸ್ ಜಾಗದಲ್ಲಿ ಯಾರೋ ತಾಮ್ರದ ಎಳೆ ಸುತ್ತಿದ್ದರು. ಅದನ್ನು ಕಂಡ ತಕ್ಷಣ ತೆಗೆಯಿರಿ. ಶಾರ್ಟ್ ಆದಾಗ ಆ ಎಳೆ ಕರಗುವುದಿಲ್ಲ, ವೈರ್ ಉರಿಯುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ ಅಲ್ವಾ?

ಎಲ್‌ಇಡಿ ಬಲ್ಬ್ ಹಾಕಿಕೊಡಿ ಅಂತ ಜಾಸ್ತಿ ಜನ ಕೇಳುತ್ತಾರೆ. ಟೇಲ್ ಲೈಟಿಗೆ ಹಾಕಬಹುದು, ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಇರಲಿ. ಇಂಡಿಕೇಟರಿಗೆ ಹಾಕಿದರೆ ಹಳೇ ಫ್ಲಾಷರ್ ಮಿನುಗಿಸುವುದೇ ಇಲ್ಲ. ಅದರೊಳಗಿನ ಪಟ್ಟಿ ಬಿಸಿಯಾಗಲು ಎರಡು 21 ವಾಟಿನ ಬಲ್ಬ್ ಎಳೆಯುವಷ್ಟು ಕರೆಂಟ್ ಬೇಕು. ಹಳೇ ಮಾರಿಸ್ ಮೈನರ್ ಆದರೆ ಇನ್ನೊಂದು ಎಚ್ಚರ. ಅದರಲ್ಲಿ ಗಾಡಿಯ ಬಾಡಿಗೆ ಕಟ್ಟಿರುವುದು ಬ್ಯಾಟರಿಯ ಮೈನಸ್ ಅಲ್ಲ, ಪ್ಲಸ್.

ಮೇಷ್ಟ್ರಿಗೆ ಮೊದಲೆರಡು ಸಲದ ಕೂಲಿ ವಾಪಸ್ ಕೊಟ್ಟೆ. ಬೇಡ ಅಂದರು. "ಮೇಷ್ಟ್ರೇ, ಆ ವೈರ್ ಎಳೆಯೋ ಅಗತ್ಯನೇ ಇರಲಿಲ್ಲ, ತಗೊಳ್ಳಿ" ಅಂತ ಕೈಯಲ್ಲಿಟ್ಟೆ. ಬಲಗಡೆಯ ಲೈಟನ್ನೂ ಅಳೆದು ನೋಡಿದ್ದೆ. ಹೊರಗಿನಿಂದ ನೋಡಿದರೆ ಯಾವ ತೊಂದರೆಯೂ ಇರಲಿಲ್ಲ, ಮೀಟರಿನಲ್ಲಿ 0.7 ವೋಲ್ಟ್. ಅದಕ್ಕೂ ಕಪ್ಪು ವೈರ್ ಹಾಕಿಯೇ ಗಾಡಿ ಕಳಿಸಿದೆ.