28 ದೊಡ್ಡದೋ, 19 ದೊಡ್ಡದೋ

ನನ್ನದು ರಾಯಲ್ ಎನ್‌ಫೀಲ್ಡ್‌ನ ಹಳೇ ಬೈಕು, ಕ್ಲಾಸಿಕ್ 350. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಬುಲೆಟ್ಟೇ. ಅತ್ತೆಯ ಮಗನದು ಕೆಟಿಎಂ ಬೈಕು, ಡ್ಯೂಕ್ 200. ಬಾಗಲಕೋಟೆ ನವನಗರದ ಆಚೆ, ಇನ್ನೂ ಒಂದು ಮನೆಯೂ ಏಳದ ಪರಿಚಯದವರ ಲೇಔಟ್‌ನಲ್ಲಿ ಒಂದು ಭಾನುವಾರ ಇಬ್ಬರೂ ಪಂದ್ಯ ಕಟ್ಟಿದೆವು. ಗೇಟಿನಿಂದ ನೀರಿನ ಟಾಕಿವರೆಗೆ. ಸೋತವರು ಗಿರಮಿಟ್ ಕೊಡಿಸಬೇಕು.

ನನಗೆ ಅನುಮಾನವೇ ಇರಲಿಲ್ಲ. ನನ್ನ ಗಾಡಿಯ ಟಾರ್ಕ್, ಅಂದರೆ ಇಂಜಿನ್ನಿನ ತಿರುಗಿಸುವ ಬಲ, 28 ನ್ಯೂಟನ್ ಮೀಟರ್, ಅವನದು 19. ಲೆಕ್ಕ ಮುಗೀತಲ್ವಾ?

ಕ್ಲಚ್ ಬಿಟ್ಟ ಮೊದಲ ನಾಲ್ಕು ಮಾರು ನಾನೇ ಮುಂದೆ. ಆಮೇಲೆ ಅವನ ಇಂಜಿನ್ ಕಿರುಚತೊಡಗಿತು. ನಾನು ಮೂರನೇ ಗೇರ್ ಹಾಕಿದಾಗ ಅವನು ಇನ್ನೂ ಎರಡರಲ್ಲೇ ಎಳೆಯುತ್ತಿದ್ದ. ಟಾಕಿ ಮುಟ್ಟುವ ಮೊದಲೇ ಅವನ ಬ್ರೇಕ್ ಲೈಟ್ ಕಂಡಿತು. ಗಿರಮಿಟ್ ನನ್ನ ಖಾತೆಗೆ.

ಮರುದಿನ ನಮ್ಮ ಮೆಕ್ಯಾನಿಕ್ ಮುಂದೆ ಗೋಳು ತೋಡಿಕೊಂಡೆ. ಅವರು ಜಾಸ್ತಿ ಟ್ರ್ಯಾಕ್ಟರ್ ರಿಪೇರಿ ಮಾಡುವವರು. "ಇಂಜಿನ್ನಾಗ ಎಷ್ಟೈತಿ ಅಂತ ಯಾಕ ನೋಡ್ತೀರಿ? ಹಿಂದಿನ ಗಾಲಿಗೆ ಎಷ್ಟು ಮುಟ್ಟತೈತಿ ನೋಡ್ರಿ" ಅಂದರು. ಗ್ರೀಸ್ ಬೆರಳಿನಿಂದ ರಟ್ಟಿನ ಮೇಲೆ ಬರೆದು ತೋರಿಸಿದರು. ಬುಲೆಟ್ಟಿನ 28 ಬರುವುದು ಇಂಜಿನ್ ನಿಮಿಷಕ್ಕೆ 4000 ಸುತ್ತು ಸುತ್ತುವಾಗ. ಡ್ಯೂಕಿನ 19 ಬರುವುದು 8000ಕ್ಕೆ. ಆ ಸುತ್ತುಗಳಲ್ಲಿ ಎರಡೂ ಒಂದೇ ವೇಗದಲ್ಲಿದ್ದರೆ ಡ್ಯೂಕಿನ ಗೇರುಗಳು ಇಂಜಿನ್ ಸುತ್ತನ್ನು ಎರಡು ಪಟ್ಟು ಜಾಸ್ತಿ ಇಳಿಸಬೇಕು. ಸುತ್ತು ಎಷ್ಟು ಪಟ್ಟು ಇಳಿಯುತ್ತದೋ, ಎಳೆತ ಅಷ್ಟು ಪಟ್ಟು ಏರುತ್ತದೆ. ಅಂದರೆ ನನ್ನ 28ರ ಎದುರು ನಿಂತದ್ದು 19 ಅಲ್ಲ, 38! ಸಾಲದ್ದಕ್ಕೆ ನನ್ನ ಗಾಡಿ ಸುಮಾರು 190 ಕೆಜಿ. ಅವನದು ಅದರ ಮುಂದೆ ಕರು.

ಹಟ ಬಿಡಬೇಕಲ್ಲ. ಚೈನ್ ಎಳೆಯುವ ಮುಂದಿನ ಹಲ್ಲುಗಾಲಿ, ಅಂದರೆ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿದೆ, 18ರ ಬದಲು 17. ಪ್ರತಿ ಗೇರಿನಲ್ಲೂ ಎಳೆತ ಸುಮಾರು ನೂರಕ್ಕೆ ಆರರಷ್ಟು ಏರಿತು. ಮುಂದಿನ ಭಾನುವಾರ ಗಾಡಿ ನಿಜಕ್ಕೂ ಚುರುಕಾಗಿ ಎದ್ದಿತು. ಆದರೆ ಪ್ರತಿ ಗೇರೂ ಬೇಗ ಮುಗಿಯುತ್ತಿತ್ತು. ಮತ್ತೆ ಸೋತೆ, ಈ ಸಲ ಸ್ವಲ್ಪ ಮರ್ಯಾದೆಯಿಂದ.

ಆ ವಾರವೇ ಹೆಂಡತಿ ಜೊತೆ ಕೂಡಲಸಂಗಮಕ್ಕೆ ಹೊರಟೆ. ಎಂಬತ್ತರ ವೇಗಕ್ಕೆ ಈಗ ಮೊದಲಿಗಿಂತ ಜಾಸ್ತಿ ಸುತ್ತಬೇಕಾದ ಇಂಜಿನ್ ಒಂದೇ ಸಮ ಗೊಣಗುತ್ತಿತ್ತು, ಹಿಂದೆ ಕೂತವಳೂ. ಸೋಮವಾರ ಮತ್ತೆ ಗ್ಯಾರೇಜಿಗೆ ಹೋದೆ. ನನ್ನ ಹಳೇ ಸ್ಪ್ರಾಕೆಟ್ ಗೋಡೆಯ ಮೊಳೆಗೆ ತೂಗುತ್ತಿತ್ತು.

"ಬರ್ತೀರಿ ಅಂತ ಗೊತ್ತಿತ್ರಿ" ಅಂದರು.